ವರ್ಷದ ಕೊನೆಯ ದೇಣಿಗೆ ಸಂಗ್ರಹ: ಸಣ್ಣ ಟ್ರಸ್ಟ್ ಎಲ್ಲಿಂದ ಶುರು ಮಾಡಬೇಕು?

ಶಿರಾ_ಸಂಜೆಪಾಠ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾ ತಾಲ್ಲೂಕಿನ ಸಣ್ಣ ಟ್ರಸ್ಟ್. ಐದು ಹಳ್ಳಿಗಳಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ಸಂಜೆ ಪಾಠ ಮಾಡಿಸುತ್ತೇವೆ. ಆಯಾ ಊರಿನಲ್ಲೇ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರೇ ಪಾಠ ಹೇಳುತ್ತಾರೆ, ಒಬ್ಬೊಬ್ಬರಿಗೆ ತಿಂಗಳಿಗೆ 6,000 ರೂಪಾಯಿ ಗೌರವಧನ. ಅದರ ಜೊತೆಗೆ ನೋಟ್‌ಬುಕ್, ಸಂಜೆಗೆ ಏನಾದರೂ ತಿಂಡಿ, ಕರೆಂಟ್ ಹೋದರೆ ಸೋಲಾರ್ ದೀಪ. ಎಲ್ಲ ಸೇರಿ ವರ್ಷಕ್ಕೆ ಸುಮಾರು 5 ಲಕ್ಷ ಬೇಕು.

ಇಷ್ಟು ವರ್ಷ ಒಂದು ಕಂಪನಿಯವರು ದೊಡ್ಡ ಪಾಲು ಕೊಡುತ್ತಿದ್ದರು. ಈ ಸಲ ನಿಲ್ಲಿಸಿದ್ದಾರೆ. ಈಗ 2025ರ ನವೆಂಬರ್ ಅರ್ಧ ಕಳೆದಿದೆ. ಕೈಯಲ್ಲಿರುವುದು, ಬರುತ್ತದೆ ಎಂದು ಖಾತ್ರಿ ಇರುವುದು ಎರಡೂ ಸೇರಿಸಿದರೂ ಮಾರ್ಚ್ ಕೊನೆಗೆ 2,90,000 ರೂಪಾಯಿ ಕಡಿಮೆ ಬೀಳುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪಾಠ ತುಂಬಾ ಬೇಕಾದ ಸಮಯ, ಆಗಲೇ ದುಡ್ಡು ಇಲ್ಲ ಅಂದರೆ ಹೇಗೆ ಹೇಳಿ.

12ಎ (ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ) ಎರಡೂ ನೋಂದಣಿ ಇವೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲ. ಹಿಂದೆ ಒಂದಲ್ಲ ಒಂದು ಸಲ ದುಡ್ಡು ಕೊಟ್ಟ ಸುಮಾರು 140 ಜನರ ಹೆಸರು, ನಂಬರ್ ಎಕ್ಸೆಲ್‌ನಲ್ಲಿ ಇದೆ. ಫೇಸ್‌ಬುಕ್ ಪೇಜ್ ಇದೆ, ಅದರಲ್ಲಿ ಜಾಸ್ತಿ ಏನೂ ನಡೆಯುವುದಿಲ್ಲ. ಡಿಸೆಂಬರ್‌ನಲ್ಲಿ ದೊಡ್ಡದಾಗಿ ಅಭಿಯಾನ ಮಾಡೋಣ ಅಂತ ಕೆಲವರು, ಮಾರ್ಚ್‌ನಲ್ಲಿ ಟ್ಯಾಕ್ಸ್ ಉಳಿತಾಯದ ಹೆಸರಲ್ಲಿ ಕೇಳೋಣ ಅಂತ ಇನ್ನು ಕೆಲವರು. ಅನುಭವ ಇರುವವರು ದಯವಿಟ್ಟು ಹೇಳಿ. ಪೋಸ್ಟರ್ ಮಾಡಿಸುವುದರಿಂದ ಶುರು ಮಾಡಬೇಕಾ?

ಕಾಡುಮಲ್ಲಿಗೆ:

ಪೋಸ್ಟರ್‌ನಿಂದ ಬೇಡ. ಆ 140 ಜನರ ಪಟ್ಟಿಯಿಂದ ಶುರು ಮಾಡಿ. ನಿಮ್ಮ ಹತ್ತಿರ ಇರುವ ದೊಡ್ಡ ಆಸ್ತಿ ಅದೇ.

ನಾನು ಬೆಂಗಳೂರಿನಲ್ಲಿ ಮಕ್ಕಳ ಶಿಕ್ಷಣದ ಒಂದು ಸಂಸ್ಥೆಗೆ ನಿಧಿ ಸಂಗ್ರಹದ ಕೆಲಸ ಮಾಡುತ್ತೇನೆ. ಪರಿಚಯದವರು ನೇರವಾಗಿ ಕೇಳಿದಾಗ ಜನ ಕೊಡುತ್ತಾರೆ. ಕೊಟ್ಟ ದುಡ್ಡು ಏನಾಯಿತು ಎಂದು ಗೊತ್ತಾದರೆ ಮತ್ತೆ ಕೊಡುತ್ತಾರೆ. ಇವೆರಡು ಸರಿ ಇದ್ದರೆ ಅಭಿಯಾನ ಸಾದಾ ಇದ್ದರೂ ನಡೆಯುತ್ತದೆ, ಇವೆರಡು ಇಲ್ಲದಿದ್ದರೆ ವಿಡಿಯೊ, ಡಿಸೈನು, ಹ್ಯಾಶ್‌ಟ್ಯಾಗು ಯಾವುದೂ ಕೈ ಹಿಡಿಯುವುದಿಲ್ಲ. ಆದ್ದರಿಂದ ಮೊದಲ ವಾರ ಯಾರ ಹತ್ತಿರವೂ ದುಡ್ಡು ಕೇಳಬೇಡಿ. 140 ಜನರಿಗೂ ಹೋದ ವರ್ಷ ಏನಾಯಿತು ಎಂದು ಒಂದು ಪುಟದ ವರದಿ ಕಳಿಸಿ. ಎಷ್ಟು ಮಕ್ಕಳು ಬಂದರು, ಎಷ್ಟು ಜನ ಹತ್ತನೇ ತರಗತಿ ಪಾಸಾದರು, ಎಷ್ಟು ಖರ್ಚಾಯಿತು, ಯಾವುದು ಅಂದುಕೊಂಡಂತೆ ಆಗಲಿಲ್ಲ. ಕೊನೆಯದನ್ನು ಖಂಡಿತ ಬರೆಯಿರಿ, ಓದುವವರಿಗೆ ನಂಬಿಕೆ ಬರುವುದು ಅಲ್ಲೇ. ಒಂದು ಊರಲ್ಲಿ ಗಣಿತ ಹೇಳಿಕೊಡುವವರು ಸಿಗಲಿಲ್ಲ ಅಂದರೆ ಹಾಗೇ ಬರೆಯಿರಿ.

ಆಮೇಲೆ ಪಟ್ಟಿಯನ್ನು ಮೂರು ಭಾಗ ಮಾಡಿ. ಎರಡು ಮೂರು ಸಲ ಕೊಟ್ಟವರು ಒಂದು ಕಡೆ. ಒಂದೇ ಸಲ ಕೊಟ್ಟು ಆಮೇಲೆ ಸುಮ್ನೆ ಆದವರು ಇನ್ನೊಂದು ಕಡೆ. ಅವರಲ್ಲಿ ಹೆಚ್ಚಿನವರು ಬೇಜಾರಾಗಿ ಬಿಟ್ಟಿರುವುದಿಲ್ಲ, ನೀವು ಮತ್ತೆ ಕೇಳಿಲ್ಲ, ಅಷ್ಟೇ. ಮೂರನೆಯದು, ಈ ಪಟ್ಟಿಯಲ್ಲಿ ಇಲ್ಲದಿದ್ದರೂ ಸೇರಿಸಿಕೊಳ್ಳಬೇಕಾದವರು: ದುಡ್ಡು ಕೊಡದಿದ್ದರೂ ಬಂದು ನೋಡಿದವರು, ಪುಸ್ತಕ ಕೊಟ್ಟವರು, ಮೇಷ್ಟ್ರ ಪರಿಚಯದವರು. ಮೊದಲ ಗುಂಪಿಗೆ ಫೋನ್ ಮಾಡಲೇಬೇಕು. ಮೆಸೇಜ್ ಅಲ್ಲ, ಫೋನ್. ಸಾಧ್ಯವಾದರೆ ಮನೆಗೆ ಹೋಗಿ.

2,90,000 ಅಂದ ಕೂಡಲೇ ತುಂಬಾ ಜನರಿಂದ ಸ್ವಲ್ಪ ಸ್ವಲ್ಪ ಎತ್ತೋಣ ಎಂದು ಎಲ್ಲರಿಗೂ ಅನಿಸುತ್ತದೆ. ನೂರು ರೂಪಾಯಿಯಂತೆ ಎತ್ತಲು ಹೋದರೆ 2,900 ಜನ ಬೇಕು, ಅಷ್ಟು ಜನ ನಿಮಗೆ ಎಲ್ಲಿ ಸಿಗುತ್ತಾರೆ? ಬೇರೆ ಥರ ಲೆಕ್ಕ ಹಾಕಿ. ಒಬ್ಬ ಶಿಕ್ಷಕಿಯ ಒಂದು ತಿಂಗಳ ಗೌರವಧನ 6,000, ಅಲ್ವಾ? ಆರು ತಿಂಗಳಿನದು 36,000, ಇಬ್ಬರು ಕೊಟ್ಟರೆ 72,000. ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳಿಗೆ 18,000, ಆರು ಜನ ಸಿಕ್ಕರೆ 1,08,000. ಒಂದು ತಿಂಗಳಿನದನ್ನು ಹತ್ತು ಜನ ಕೊಟ್ಟರೆ 60,000. ಇಷ್ಟಕ್ಕೇ 2,40,000 ಆಯಿತು, ಜನ ಬರೀ ಹದಿನೆಂಟು. ಉಳಿದ 50,000 ರೂಪಾಯಿಗೆ ಐನೂರು, ಸಾವಿರ, ಎರಡು ಸಾವಿರ ಕೊಡುವವರನ್ನು ಕೇಳಿ. ನಿಮ್ಮ 140 ಜನರಲ್ಲಿ ಆ ಹದಿನೆಂಟು ಜನ ಯಾರಿರಬಹುದು ಎಂದು ಟ್ರಸ್ಟಿಗಳೆಲ್ಲ ಒಂದು ಸಂಜೆ ಕೂತು ಹೆಸರು ಬರೆಯಿರಿ. ಒಂದು ಹೆಸರಿಗೆ ಇಬ್ಬರಾದರೂ ಬದಲಿ ಇಟ್ಟುಕೊಳ್ಳಿ, ಕೇಳಿದವರೆಲ್ಲ ಹೂಂ ಅನ್ನುವುದಿಲ್ಲ.

ಟ್ರಸ್ಟಿಗಳು ಮೊದಲು ತಾವು ಕೊಡಬೇಕು. ಸಾವಿರವೇ ಆಗಲಿ, ಕೊಡಬೇಕು. "ನಾವೆಲ್ಲ ಹಾಕಿದ್ದೇವೆ, ನೀವೂ ಕೈ ಜೋಡಿಸಿ" ಎಂದು ಕೇಳುವ ಮಾತಿಗೆ ತೂಕ ಬೇರೆ.

ಡಿಸೆಂಬರ್ಗೋ ಮಾರ್ಚ್‌ಗೋ ಎಂಬ ಜಗಳ ಬಿಡಿ. ನಿಮ್ಮ ದಾನಿಗಳಲ್ಲಿ ಸಂಬಳದವರು, ರೈತರು, ಹೊರದೇಶದಲ್ಲಿ ಇರುವವರು ಮೂರೂ ಇರುತ್ತಾರೆ. ಸಂಬಳದವರಿಗೆ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ನಿಮ್ಮ ಕಡೆ ರಾಗಿ, ಕಡ್ಲೆಕಾಯಿ ಬೆಳೆಯುವವರ ಕೈಗೆ ದುಡ್ಡು ಬರುವುದು ಸುಗ್ಗಿ ಆದಮೇಲೆ, ಅಂದರೆ ಸಂಕ್ರಾಂತಿಯ ಆಸುಪಾಸು. ಅಮೆರಿಕದಲ್ಲಿ ಇರುವವರಿಗೆ ಡಿಸೆಂಬರ್. ಯಾರಿಗೆ ಯಾವಾಗ ಅನುಕೂಲವೋ ಆಗ ಕೇಳಿ. ತುಮಕೂರು ಜಿಲ್ಲೆಯವರಿಗೆ ನಾನು ಇದನ್ನು ಹೇಳಿಕೊಡಬೇಕಾಗಿಲ್ಲ, ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳ ಅನ್ನ, ಓದು ನಡೆದದ್ದೇ ಹಳ್ಳಿ ಹಳ್ಳಿಯ ಭಕ್ತರು ಅಕ್ಕಿ, ರಾಗಿ, ಬೇಳೆ ತಂದು ಕೊಟ್ಟಿದ್ದರಿಂದ. ಊರಿನ ಜನ ಬಡವರು, ಅವರನ್ನು ಹೇಗೆ ಕೇಳುವುದು ಎಂದು ಸಂಕೋಚ ಪಡಬೇಡಿ. ಅವರ ಮಕ್ಕಳೇ ಓದುತ್ತಿರುವುದು. ಒಂದು ಸೇರು ಕಡ್ಲೆಕಾಯಿ ಕೊಟ್ಟರೂ ಮಕ್ಕಳ ಸಂಜೆ ತಿಂಡಿಗೆ ಆಗುತ್ತದೆ, ಆಮೇಲೆ ಆ ಮನೆಯವರು ಪಾಠ ತಮ್ಮದು ಎಂದುಕೊಳ್ಳುತ್ತಾರೆ.

ಟ್ಯಾಕ್ಸ್ ಉಳಿತಾಯದ ಬಗ್ಗೆ ಯಾರಾದರೂ ಆಡಿಟರ್ ಇದ್ದರೆ ಹೇಳಲಿ. ಅದನ್ನೇ ಮುಖ್ಯ ಮಾತು ಮಾಡಿಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ.

ಲೆಕ್ಕದ_ಮನುಷ್ಯ:

ನಾನು ಸಿಎ, ಹಲವು ಟ್ರಸ್ಟ್‌ಗಳ ಲೆಕ್ಕ ನೋಡುತ್ತೇನೆ. ಮೇಲಿನವರು ಹೇಳಿದ್ದು ಸರಿ. 80ಜಿ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ಡಿಫಾಲ್ಟ್, ಅಂದರೆ ಹಳೆಯದು ಬೇಕು ಎಂದು ಹೇಳದಿದ್ದರೆ ಅದೇ. ಅದರ ಮೇಲೆ 2025-26ಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಂಬಳದ ಆದಾಯಕ್ಕೆ ರಿಬೇಟ್‌ನಿಂದಾಗಿ ತೆರಿಗೆಯೇ ಬೀಳುವುದಿಲ್ಲ. ನಿಮ್ಮ ಪಟ್ಟಿಯಲ್ಲಿರುವ ಮೇಷ್ಟ್ರುಗಳು, ಬ್ಯಾಂಕಿನವರು, ಸಾಫ್ಟ್‌ವೇರ್ ಹುಡುಗರು ಬಹಳಷ್ಟು ಜನ ಹೊಸ ಪದ್ಧತಿಗೆ ಹೋಗಿರುತ್ತಾರೆ. ಅವರಿಗೆ "ಟ್ಯಾಕ್ಸ್ ಉಳಿಸಿ" ಎಂದು ಮೆಸೇಜ್ ಹಾಕಿದರೆ ಅರ್ಥವೇ ಇಲ್ಲ. ಹಳೆಯ ಪದ್ಧತಿಯಲ್ಲಿ ಇರುವವರಿಗೂ ನಿಮ್ಮಂಥ ಟ್ರಸ್ಟ್‌ಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ ವಿನಾಯಿತಿ, ಅದಕ್ಕೂ ಆದಾಯದ ಶೇ 10ರ ಮಿತಿ ಇದೆ. ಕೊಟ್ಟದ್ದೆಲ್ಲ ವಾಪಸ್ ಬರುತ್ತದೆ ಎಂಬ ಅರ್ಥ ಬರುವಂತೆ ಎಲ್ಲೂ ಬರೆಯಬೇಡಿ. "80ಜಿ ರಸೀದಿ ಕೊಡುತ್ತೇವೆ" ಎಂದು ಕೊನೆಯಲ್ಲಿ ಒಂದು ಸಾಲು ಸಾಕು.

ಇನ್ನು ಸಂಗ್ರಹ ಶುರು ಮಾಡುವ ಮೊದಲು ನೋಡಿಕೊಳ್ಳಬೇಕಾದ್ದು. ನಿಮ್ಮ 80ಜಿ ನೋಂದಣಿಯ ಅವಧಿ ಯಾವಾಗ ಮುಗಿಯುತ್ತದೆ? ತಾತ್ಕಾಲಿಕ ನೋಂದಣಿ ಆದರೆ ಮೂರು ವರ್ಷ, ಪೂರ್ಣ ನೋಂದಣಿ ಆದರೆ ಸಾಮಾನ್ಯವಾಗಿ ಐದು ವರ್ಷ. ಅದು ಮುಗಿದಿರುವುದು ಗೊತ್ತಾಗದೆ ರಸೀದಿ ಹರಿದು ಕೊಟ್ಟರೆ ದಾನಿಗೆ ತೊಂದರೆ. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ದಾನಿಗೆ 80ಜಿ ಸಿಗುವುದಿಲ್ಲ, ಅದಕ್ಕೆ ದೊಡ್ಡ ಮೊತ್ತ ಯುಪಿಐ, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ತೆಗೆದುಕೊಳ್ಳಿ. ಅಕ್ಕಿ, ಕಡ್ಲೆಕಾಯಿ, ಪುಸ್ತಕಗಳಂಥ ವಸ್ತು ರೂಪದ ಕೊಡುಗೆಗೂ 80ಜಿ ಇಲ್ಲ. ತೆಗೆದುಕೊಳ್ಳಿ, ಆದರೆ ಬೇರೆ ಪುಸ್ತಕದಲ್ಲಿ ಬರೆದಿಡಿ.

80ಜಿ ಬೇಕು ಎನ್ನುವವರ ಪ್ಯಾನ್, ಪೂರ್ತಿ ಹೆಸರು, ವಿಳಾಸ ದುಡ್ಡು ಬಂದ ದಿನವೇ ಕೇಳಿ ಬರೆದುಕೊಳ್ಳಿ. ಮುಂದಿನ ಮೇ 31ರೊಳಗೆ ದಾನಿಗಳ ವಿವರ ಇರುವ ಫಾರಂ 10ಬಿಡಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ಅದರಿಂದ ಬರುವ 10ಬಿಇ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ದಾನಿ ರಿಟರ್ನ್‌ನಲ್ಲಿ ತೋರಿಸಲು ಬೇಕಾಗುವುದು ಅದೇ, ನೀವು ಕೈಯಲ್ಲಿ ಬರೆದು ಕೊಟ್ಟ ರಸೀದಿ ಸಾಲದು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಏಪ್ರಿಲ್‌ನಲ್ಲಿ ಕೂತು ಎಲ್ಲರಿಗೂ ಫೋನ್ ಮಾಡಿ ಪ್ಯಾನ್ ಕೇಳುವುದು ಬಹಳ ಕಷ್ಟದ ಕೆಲಸ, ಕೆಲವರು ಎತ್ತುವುದೂ ಇಲ್ಲ.

ಅಂಗಡಿ, ಬಸ್ ಸ್ಟ್ಯಾಂಡ್‌ನಲ್ಲಿ ಕ್ಯೂಆರ್ ಕೋಡ್ ಅಂಟಿಸುವ ಯೋಚನೆ ಇದ್ದರೆ ಇದನ್ನೂ ತಿಳಿದುಕೊಳ್ಳಿ. ಕೊಟ್ಟವರ ಹೆಸರು, ವಿಳಾಸ ನಿಮ್ಮ ಹತ್ತಿರ ಇಲ್ಲದಿದ್ದರೆ ಕಾನೂನಿನಲ್ಲಿ ಅದು ಅನಾಮಧೇಯ ದೇಣಿಗೆ. ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದ ಭಾಗಕ್ಕೆ ಶೇ 30 ತೆರಿಗೆ. ನಿಮ್ಮ ಮಟ್ಟಿಗೆ 1 ಲಕ್ಷದ ಒಳಗೇ ಇರುತ್ತದೆ, ಭಯ ಪಡಬೇಕಾಗಿಲ್ಲ. ಆದರೂ ಕ್ಯೂಆರ್ ಜೊತೆ ಒಂದು ಗೂಗಲ್ ಫಾರಂ ಲಿಂಕ್ ಇಟ್ಟರೆ ಒಳ್ಳೆಯದು.

ಮಾರ್ಚ್ ಕೊನೆಯಲ್ಲಿ ಒಮ್ಮೆಗೇ ಹಣ ಬಂದರೆ ಇನ್ನೊಂದು ವಿಷಯ. ವರ್ಷದ ಆದಾಯದಲ್ಲಿ ಶೇ 85ರಷ್ಟು ಆ ವರ್ಷವೇ ಖರ್ಚಾಗಬೇಕು. ಆಗದಿದ್ದರೆ ಮುಂದಿನ ವರ್ಷ ಖರ್ಚು ಮಾಡುತ್ತೇವೆ ಎಂದು ಫಾರಂ 9ಎ, ಅಥವಾ ಇಂಥ ಉದ್ದೇಶಕ್ಕೆ ಕೂಡಿಡುತ್ತೇವೆ ಎಂದು ಫಾರಂ 10 ಸಲ್ಲಿಸಬೇಕು. ಹೆದರಿ ಮಾರ್ಚ್ 30ಕ್ಕೆ ಬೇಡದ ಸಾಮಾನು ತರಬೇಡಿ, ನಿಮ್ಮ ಆಡಿಟರ್‌ಗೆ ಮೊದಲೇ ಹೇಳಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಬರುತ್ತಿದೆ, ಸೆಕ್ಷನ್ ನಂಬರ್‌ಗಳು ಬದಲಾಗುತ್ತವೆ. ಮುಂದಿನ ವರ್ಷದ ರಸೀದಿ ಪುಸ್ತಕ ಈಗಲೇ ಸಾವಿರಗಟ್ಟಲೆ ಪ್ರಿಂಟ್ ಹಾಕಿಸಬೇಡಿ.

ದೂರದೂರು:

ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಊರು ಮಧುಗಿರಿ. ಪಕ್ಕದ ತಾಲ್ಲೂಕಿನ ಕೆಲಸ ನೋಡಿ ಖುಷಿಯಾಯಿತು. ಅಮೆರಿಕ ಎಂಬ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿಮಗೆ ಎಫ್‌ಸಿಆರ್‌ಎ ಇಲ್ಲ. ಹಾಗಾಗಿ ಅಮೆರಿಕದ ಪೌರತ್ವ ತೆಗೆದುಕೊಂಡವರ ಹತ್ತಿರ ದೇಣಿಗೆ ತೆಗೆದುಕೊಳ್ಳಲೇಬೇಡಿ. ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ ಕಾನೂನಿಗೆ ಅವರು ವಿದೇಶಿಯರೇ. ರಜೆಗೆ ಊರಿಗೆ ಬಂದಾಗ ಜೇಬಿನಿಂದ ರೂಪಾಯಿ ತೆಗೆದು ಕೊಟ್ಟರೂ ಅದು ವಿದೇಶಿ ದೇಣಿಗೆ. ತಮ್ಮನ ಖಾತೆಗೆ ಹಾಕಿ ಅಲ್ಲಿಂದ ಟ್ರಸ್ಟ್‌ಗೆ ಕೊಡಿಸುತ್ತೇನೆ ಎಂದು ಪ್ರೀತಿಯಿಂದಲೇ ಹೇಳುವವರು ಇರುತ್ತಾರೆ, ಒಪ್ಪಬೇಡಿ. ಸಿಕ್ಕಿಬೀಳುವುದು ಟ್ರಸ್ಟ್.

ಭಾರತದ ಪಾಸ್‌ಪೋರ್ಟ್ ಇನ್ನೂ ಇಟ್ಟುಕೊಂಡವರ ವಿಷಯ ಬೇರೆ. ಅವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಪಾಸ್‌ಪೋರ್ಟ್ ಪ್ರತಿ ತೆಗೆದುಕೊಂಡು ಫೈಲ್‌ನಲ್ಲಿ ಇಡಿ. ಎಚ್1ಬಿ ವೀಸಾದವರು, ಗ್ರೀನ್ ಕಾರ್ಡ್‌ನವರು ಬಹಳಷ್ಟು ಜನ ಈ ಗುಂಪಿನಲ್ಲೇ ಇದ್ದಾರೆ. ನಿಮ್ಮ ತಾಲ್ಲೂಕಿನ ಹುಡುಗರೂ ಇರುತ್ತಾರೆ, ಹುಡುಕಿ.

ಇಲ್ಲಿ ಡಿಸೆಂಬರ್‌ನಲ್ಲಿ ಜನ ಕೊಡುತ್ತಾರೆ ಎನ್ನುವುದು ನಿಜ. ಥ್ಯಾಂಕ್ಸ್‌ಗಿವಿಂಗ್ ಆದ ಮಂಗಳವಾರ ಗಿವಿಂಗ್ ಟ್ಯೂಸ್‌ಡೇ ಎಂಬ ದೇಣಿಗೆಯ ದಿನ, ಈ ಸಲ ಡಿಸೆಂಬರ್ 2. ಅಲ್ಲಿಂದ ಡಿಸೆಂಬರ್ 31ರ ರಾತ್ರಿವರೆಗೂ ಇಮೇಲ್‌ಗಳು ಬರುತ್ತಲೇ ಇರುತ್ತವೆ. ಆದರೆ ಇಲ್ಲೂ ತೆರಿಗೆಯೇ ಕಾರಣ ಅಂದುಕೊಳ್ಳಬೇಡಿ. 2025ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಲೆಕ್ಕ ತೋರಿಸದೆಯೇ ಆದಾಯದಿಂದ ಕಳೆಯಬಹುದಾದ ಮೊತ್ತ) ಗಂಡ ಹೆಂಡತಿಗೆ ಸೇರಿ 31,500 ಡಾಲರ್, ಅದನ್ನು ತೆಗೆದುಕೊಳ್ಳುವವರಿಗೆ ಈ ವರ್ಷ ದೇಣಿಗೆಯಿಂದ ತೆರಿಗೆ ಲಾಭ ಇಲ್ಲ. ಭಾರತದ ಟ್ರಸ್ಟ್‌ಗೆ ನೇರವಾಗಿ ಕೊಟ್ಟರಂತೂ ಇಲ್ಲವೇ ಇಲ್ಲ. ಆದರೂ ಕೊಡುತ್ತಾರೆ. ನಾನು ಕೊಡುವುದು ನನ್ನ ಹೈಸ್ಕೂಲ್ ಗೆಳೆಯ ಫೋನ್ ಮಾಡಿ ಕೇಳುತ್ತಾನೆ ಎಂದು.

ಎಫ್‌ಸಿಆರ್‌ಎ ಬಗ್ಗೆ ಮುಂದೆ ಯೋಚನೆ ಮಾಡಿ, ಈ ವರ್ಷಕ್ಕಲ್ಲ. ಟ್ರಸ್ಟ್‌ಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಕೆಲಸಕ್ಕೆ ಕನಿಷ್ಠ 15 ಲಕ್ಷ ಖರ್ಚಾಗಿರಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು. ವರ್ಷಕ್ಕೆ 5 ಲಕ್ಷದ ಲೆಕ್ಕದಲ್ಲಿ ನೀವು ಅಂಚಿನಲ್ಲಿ ಇದ್ದೀರಿ. ನೋಂದಣಿ ಇರುವ ಬೇರೆ ಸಂಸ್ಥೆ ತನ್ನ ವಿದೇಶಿ ಹಣವನ್ನು ನಿಮಗೆ ಕೊಡುವ ದಾರಿಯೂ 2020ರ ತಿದ್ದುಪಡಿಯಲ್ಲಿ ಮುಚ್ಚಿತು.

ನಿವೃತ್ತ_ಮೈಸೂರು:

ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಸಣ್ಣ ಪುಟ್ಟ ದೇಣಿಗೆ ಕೊಡುತ್ತಾ ಬಂದಿದ್ದೇನೆ. ಕೊಡುವವನ ಕಡೆಯಿಂದ ಎರಡು ಮಾತು ಹೇಳುತ್ತೇನಮ್ಮ.

ಮಕ್ಕಳ ಅಳುಮುಖದ ಫೋಟೊ ಹಾಕಬೇಡಿ. ಹರಿದ ಅಂಗಿ, ಖಾಲಿ ತಟ್ಟೆ, ಮಗುವಿನ ಹೆಸರು, ಅಪ್ಪ ಕುಡುಕ ಎಂಬ ಕಥೆ, ಇವನ್ನೆಲ್ಲ ವಾಟ್ಸಾಪ್‌ನಲ್ಲಿ ಹರಿಬಿಡುವ ಸಂಸ್ಥೆಗಳಿಗೆ ನಾನು ಕೊಡುವುದನ್ನು ನಿಲ್ಲಿಸಿದ್ದೇನೆ. ಆ ಹುಡುಗ ನಾಳೆ ಪಿಯುಸಿಗೆ ಹೋದಾಗ ಅದೇ ಫೋಟೊ ಅವನ ಗೆಳೆಯರ ಮೊಬೈಲ್‌ನಲ್ಲಿ ಇರುತ್ತದೆ. ಪಾಠ ನಡೆಯುತ್ತಿರುವುದನ್ನು ತೋರಿಸಿ, ಕರಿಹಲಗೆ ತೋರಿಸಿ, ಶಿಕ್ಷಕಿಯರು ಒಪ್ಪಿದರೆ ಅವರ ಮಾತು ಹಾಕಿ. ಊರಿನ ಹುಡುಗಿ ಡಿಗ್ರಿ ಮುಗಿಸಿ ಅದೇ ಊರಿನ ಮಕ್ಕಳಿಗೆ ಕಲಿಸುತ್ತಿದ್ದಾಳೆ ಎಂದರೆ ನಾನು ಒಬ್ಬನಂತೂ ಕೊಡುತ್ತೇನೆ.

ಇನ್ನೊಂದು, ಹಣ ಹಾಕಿದ ಮೇಲೆ ಸಂಜೆಯೊಳಗೆ ಒಂದು ಫೋನ್ ಬರಬೇಕು. "ಸರ್, ಬಂತು, ತುಂಬಾ ಉಪಕಾರವಾಯಿತು" ಅಂದರೆ ಸಾಕು. ಯುಪಿಐನಲ್ಲಿ ಹಾಕಿ ತಿಂಗಳಾದರೂ ಸದ್ದೇ ಇಲ್ಲದಿದ್ದರೆ ದುಡ್ಡು ತಲುಪಿತೋ ಇಲ್ಲವೋ ಎಂದು ನಾನೇ ಫೋನ್ ಮಾಡಿ ಕೇಳಬೇಕಾಗುತ್ತದೆ. ಆ ಸಂಸ್ಥೆಗೆ ಮತ್ತೆ ಕೊಡಲು ಮನಸ್ಸು ಬರುವುದಿಲ್ಲ. ಶಾಲು, ಹಾರ, ಸ್ಮರಣಿಕೆ ಏನೂ ಬೇಡ. ನಾನು ಕೊಟ್ಟ ಸಾವಿರದಲ್ಲಿ ಇನ್ನೂರು ರೂಪಾಯಿ ಫಲಕಕ್ಕೆ ಹೋಯಿತು ಎಂದರೆ ಬೇಸರವಾಗುತ್ತದೆ.

ಪೆನ್ಷನ್‌ದಾರರಿಗೆ ಒಮ್ಮೆಗೆ 6,000 ಕಷ್ಟ. ತಿಂಗಳಿಗೆ 500 ಎಂದರೆ ಹಗುರ, ವರ್ಷದಲ್ಲಿ ಅದೇ 6,000 ಆಗುತ್ತದೆ. ಅದಕ್ಕೂ ವ್ಯವಸ್ಥೆ ಇಡಿ.

ಶಿರಾ_ಸಂಜೆಪಾಠ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಟ್ರಸ್ಟಿಗಳು ಕೂತು ಎಲ್ಲವನ್ನೂ ಓದಿದೆವು. ಹದಿನೆಂಟು ಹೆಸರಿನ ಪಟ್ಟಿ ಬರೆದೆವು, ಬದಲಿ ಹೆಸರುಗಳೂ ಸೇರಿ ದೊಡ್ಡದೇ ಆಯಿತು. ನಾಲ್ವರು ಟ್ರಸ್ಟಿಗಳು ತಮ್ಮ ಪಾಲು ಹಾಕಿದ್ದಾರೆ. ಎಫ್‌ಸಿಆರ್‌ಎ ವಿಷಯ ನಮಗೆ ಅರ್ಧಂಬರ್ಧ ಗೊತ್ತಿತ್ತು, ಓಸಿಐ ಇರುವ ಒಬ್ಬರ ಹೆಸರನ್ನು ಪಟ್ಟಿಯಿಂದ ತೆಗೆದೆವು.

ವಾಟ್ಸಾಪ್‌ಗೆ ಒಂದು ಮೆಸೇಜ್ ಬರೆದಿದ್ದೇವೆ, ನೋಡಿ ಹೇಳಿ:

"ಆತ್ಮೀಯರೇ, ವಿದ್ಯಾದಾನ ಮಹಾದಾನ. ಗ್ರಾಮೀಣ ಭಾಗದ ಬಡ ಮಕ್ಕಳ ಸರ್ವತೋಮುಖ ಅಭಿವೃದ್ಧಿಗಾಗಿ ಶ್ರಮಿಸುತ್ತಿರುವ ನಮ್ಮ ಸಂಸ್ಥೆಗೆ ತಾವು ಉದಾರವಾಗಿ ಧನಸಹಾಯ ಮಾಡಬೇಕೆಂದು ವಿನಂತಿ. ನಿಮ್ಮ ಒಂದು ಸಣ್ಣ ಸಹಾಯ ಒಂದು ಮಗುವಿನ ಬದುಕನ್ನೇ ಬದಲಾಯಿಸಬಹುದು."

ಕಾಡುಮಲ್ಲಿಗೆ:

ಇದರಲ್ಲಿ ಶಿರಾ ಎಲ್ಲಿದೆ? ಸಂಜೆ ಪಾಠ ಎಲ್ಲಿದೆ? ಇದೇ ಮೆಸೇಜನ್ನು ಯಾವ ಸಂಸ್ಥೆ ಬೇಕಾದರೂ ಕಳಿಸಬಹುದು, ಕಳಿಸುತ್ತಲೂ ಇದ್ದಾರೆ. ನೀವು ಮೊದಲ ಪೋಸ್ಟ್‌ನಲ್ಲಿ ನಮಗೆ ಬರೆದಿರಲ್ಲ, ಅದು ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅದನ್ನೇ ಬರೆಯಿರಿ. ಹೀಗೆ:

"ನಮಸ್ಕಾರ ಸರ್. ಹೋದ ವರ್ಷ ನೀವು ನಮ್ಮ ಸಂಜೆ ಪಾಠಕ್ಕೆ 5,000 ಕೊಟ್ಟಿದ್ದಿರಿ. ಈ ವರ್ಷವೂ ಶಿರಾ ತಾಲ್ಲೂಕಿನ ಐದು ಹಳ್ಳಿಗಳಲ್ಲಿ ಪಾಠ ನಡೆಯುತ್ತಿದೆ. ಜನವರಿಯಿಂದ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪರೀಕ್ಷೆ ಮುಗಿಯುವವರೆಗೂ ದಿನಾ ಪಾಠ ಇರಬೇಕು. ನಮಗೆ ಕೊಡುತ್ತಿದ್ದ ಒಂದು ಕಂಪನಿ ಈ ಸಲ ನಿಲ್ಲಿಸಿದ್ದರಿಂದ 2,90,000 ಕಡಿಮೆ ಬಿದ್ದಿದೆ. ಒಬ್ಬ ಶಿಕ್ಷಕಿಯ ಒಂದು ತಿಂಗಳಿನ ಗೌರವಧನ 6,000. ಈ ಸಲ ಅದನ್ನು ನೀವು ವಹಿಸಿಕೊಳ್ಳಬಹುದಾ? ನಾಳೆ ಸಂಜೆ ಫೋನ್ ಮಾಡುತ್ತೇನೆ."

ಹೆಸರು, ಹೋದ ಸಲದ ಮೊತ್ತ ಒಬ್ಬೊಬ್ಬರಿಗೂ ಬದಲಾಯಿಸಿ. ಮೊತ್ತ ಹೇಳಲು ಸಂಕೋಚ ಬೇಡ. "ಉದಾರವಾಗಿ" ಅಂದರೆ ಎಷ್ಟು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹೇಳಿದ ಮೇಲೆ ನಾಳೆ ಫೋನ್ ಮಾಡಲೇಬೇಕು.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡುವುದಾದರೆ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ಹೋಗುತ್ತದೆ. ಬಹಳ ಜನ ಇದನ್ನು ಗಮನಿಸದೆ ಯಾರೂ ಉತ್ತರ ಕೊಡಲಿಲ್ಲ ಅಂದುಕೊಳ್ಳುತ್ತಾರೆ. ಹಾಗಾಗಿ ದೊಡ್ಡ ಮೊತ್ತ ಕೇಳುವವರಿಗೆ ಒಂದೊಂದಾಗಿಯೇ ಕಳಿಸಿ.

ಮೈಸೂರಿನ ಸರ್ ಹೇಳಿದ ತಿಂಗಳ ದೇಣಿಗೆ ಬಹಳ ಒಳ್ಳೆಯ ಸಲಹೆ. ಯುಪಿಐ ಆಟೊಪೇ ಈಗ ಪೇಮೆಂಟ್ ಗೇಟ್‌ವೇಗಳಲ್ಲಿ ಸಿಗುತ್ತದೆ, ಒಮ್ಮೆ ಒಪ್ಪಿಗೆ ಕೊಟ್ಟರೆ ತಿಂಗಳು ತಿಂಗಳು ತಾನೇ ಬರುತ್ತದೆ. ನಲವತ್ತು ಜನ 500ರಂತೆ ಕೊಟ್ಟರೆ ತಿಂಗಳಿಗೆ 20,000. ಇದು ಈ ಮಾರ್ಚ್‌ಗೆ ಪೂರ್ತಿ ಸಹಾಯ ಆಗುವುದಿಲ್ಲ, ಆದರೆ ಮುಂದಿನ ನವೆಂಬರ್‌ನಲ್ಲಿ ಒಂದು ಕಂಪನಿ ಬಿಟ್ಟು ಹೋಯಿತು ಎಂದು ನೀವು ಹೀಗೆ ಒದ್ದಾಡಬೇಕಾಗುವುದಿಲ್ಲ.

ಹಳೇಬ್ಯಾಚು:

ಒಂದು ಮಾತು ಸೇರಿಸುತ್ತೇನೆ. ನಿಮ್ಮ ಮಕ್ಕಳು ಓದುವ ಹೈಸ್ಕೂಲುಗಳ ಹಳೆಯ ವಿದ್ಯಾರ್ಥಿಗಳ ಬ್ಯಾಚ್ ಗ್ರೂಪ್‌ಗಳನ್ನು ಹಿಡಿಯಿರಿ. ಈಗ ಎಲ್ಲ ಊರಲ್ಲೂ ಎಸ್‌ಎಸ್‌ಎಲ್‌ಸಿ ಬ್ಯಾಚಿನವರು ವಾಟ್ಸಾಪ್ ಗ್ರೂಪ್ ಮಾಡಿಕೊಂಡು, ಗುರುವಂದನೆ ಇಟ್ಟುಕೊಂಡು, ಮೇಷ್ಟ್ರುಗಳನ್ನು ಕರೆಸಿ ಸನ್ಮಾನ ಮಾಡುತ್ತಾರೆ. ಆ ಕಾರ್ಯಕ್ರಮದಲ್ಲಿ ಐದು ನಿಮಿಷ ಕೇಳಿಕೊಳ್ಳಿ. ಬ್ಯಾಚ್‌ನಲ್ಲಿ ಒಬ್ಬರನ್ನು ಮುಂದೆ ಬಿಡಿ, ನೀವು ಮಾತಾಡುವುದಕ್ಕಿಂತ ಅವರ ಬೆಂಚ್‌ಮೇಟ್ ಮಾತಾಡಿದರೆ ಒಳ್ಳೆಯದು. ನಮ್ಮ ಬ್ಯಾಚಿನಲ್ಲಿ ಒಬ್ಬ ಗೆಳೆಯ "ನೀವೆಲ್ಲ ಎಷ್ಟು ಹಾಕುತ್ತೀರೋ ಅಷ್ಟನ್ನೇ ನಾನೂ ಹಾಕುತ್ತೇನೆ, 25,000ದವರೆಗೆ" ಅಂದ. ಗ್ರೂಪ್‌ನಲ್ಲಿ ಯಾವತ್ತೂ ಮಾತಾಡದವರೂ ಆವತ್ತು ದುಡ್ಡು ಹಾಕಿದರು.

ಕ್ರೌಡ್‌ಫಂಡಿಂಗ್ ವೆಬ್‌ಸೈಟ್‌ಗೆ ಹಾಕೋಣ ಎಂದು ಯಾರಾದರೂ ಹೇಳಿದರೆ ಹಾಕಿ, ತಪ್ಪಿಲ್ಲ, ಆದರೆ ಅಲ್ಲಿ ಅಪರಿಚಿತರು ಬಂದು ಕೊಡುತ್ತಾರೆ ಎಂದು ಕಾಯಬೇಡಿ. ಆ ಲಿಂಕನ್ನೂ ನೀವೇ ನಿಮ್ಮವರಿಗೆ ಕಳಿಸಬೇಕು. ಶುಲ್ಕ ಎಷ್ಟು ಹಿಡಿಯುತ್ತಾರೆ ಎಂದು ಮೊದಲೇ ಓದಿಕೊಳ್ಳಿ.

ಲೆಕ್ಕದ_ಮನುಷ್ಯ:

ಕಂಪನಿ ನಿಲ್ಲಿಸಿದೆ ಎಂದಿರಿ. ಸಿಎಸ್‌ಆರ್, ಅಂದರೆ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವ ವ್ಯವಸ್ಥೆ, ಅದರ ಬಾಗಿಲನ್ನು ಪೂರ್ತಿ ಮುಚ್ಚಬೇಡಿ. ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿಗಳು ಸರಾಸರಿ ಲಾಭದ ಶೇ 2ನ್ನು ಖರ್ಚು ಮಾಡಲೇಬೇಕು, ಅವರಿಗೂ ವರ್ಷ ಮುಗಿಯುವುದು ಮಾರ್ಚ್ 31ಕ್ಕೇ. ಖರ್ಚಾಗದೆ ಉಳಿದದ್ದನ್ನು ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕಾಗುತ್ತದೆ, ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ಸಣ್ಣ ಮೊತ್ತಕ್ಕೆ ಜಾಗ ಹುಡುಕುವ ಕಂಪನಿಗಳು ಇರುತ್ತವೆ. ದೊಡ್ಡ ಹೆಸರಿನವರ ಹಿಂದೆ ಹೋಗಬೇಡಿ. ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಕೇಳಿ ನೋಡಿ. ನಿಮ್ಮ ಟ್ರಸ್ಟ್‌ಗೆ ಸಿಎಸ್‌ಆರ್-1 ನೋಂದಣಿ ಇದೆಯಾ ನೋಡಿಕೊಳ್ಳಿ, 2021ರ ಏಪ್ರಿಲ್‌ನಿಂದ ಅದು ಇಲ್ಲದೆ ಅವರು ಕೊಡುವಂತಿಲ್ಲ. ಹಿಂದೆ ಕೊಡುತ್ತಿದ್ದ ಕಂಪನಿಗೂ ಕಡೆಯ ವರದಿ ಕಳಿಸಿ, ಉಪಕಾರ ಹೇಳಿ. ಮುಂದಿನ ವರ್ಷ ಅಲ್ಲಿ ಬೇರೆ ಮ್ಯಾನೇಜರ್ ಬರಬಹುದು.

ಶಿರಾ_ಸಂಜೆಪಾಠ:

ಸಿಎಸ್‌ಆರ್-1 ಇದೆ ಸರ್. ಕೊನೆಯ ಪ್ರಶ್ನೆ. ಸಂಕ್ರಾಂತಿ ಹೊತ್ತಿಗೆ ಊರಿನ ಯುವಕರು, ಹಳೆಯ ವಿದ್ಯಾರ್ಥಿಗಳು ಐದು ಹಳ್ಳಿಗಳಲ್ಲೂ ಮನೆ ಮನೆಗೆ ಹೋಗಿ ಕೇಳುತ್ತೇವೆ ಎಂದು ಒಪ್ಪಿದ್ದಾರೆ. ಐವತ್ತು, ನೂರು ರೂಪಾಯಿ ನಗದು, ರಾಗಿ, ಕಡ್ಲೆಕಾಯಿ ಬರುತ್ತದೆ. ಇದಕ್ಕೆಲ್ಲ ಒಂದೊಂದು ರಸೀದಿ ಬೇಕಾ? ಬರೆದು ಪೂರೈಸುತ್ತದಾ?

ಲೆಕ್ಕದ_ಮನುಷ್ಯ:

ನಗದು ಹತ್ತು ರೂಪಾಯಿ ಆದರೂ ರಸೀದಿ ಬರೆಯಿರಿ. ಪ್ರತಿ ಹಳ್ಳಿಗೆ ನಂಬರ್ ಹಾಕಿದ ಬೇರೆ ಬೇರೆ ರಸೀದಿ ಪುಸ್ತಕ ಕೊಡಿ. ಹೆಸರು, ಊರು, ಮನೆಯ ಗುರುತು, ಮೊತ್ತ ಇಷ್ಟು ಇದ್ದರೆ ಸಾಕು. ಒಬ್ಬರು ದುಡ್ಡು ತೆಗೆದುಕೊಳ್ಳಲಿ, ಇನ್ನೊಬ್ಬರು ಬರೆಯಲಿ, ಇಬ್ಬರೂ ಒಬ್ಬರೇ ಆಗಬಾರದು. ಅವತ್ತಿನ ನಗದನ್ನು ಮಾರನೇ ದಿನ ಹಾಗೇ ಬ್ಯಾಂಕಿಗೆ ಕಟ್ಟಿ, ಅದರಿಂದ ಟೀ, ಪೆಟ್ರೋಲ್ ಖರ್ಚು ಕಳೆಯಬೇಡಿ. ಖರ್ಚಿಗೆ ಟ್ರಸ್ಟ್‌ನಿಂದ ಬೇರೆ ಕೊಡಿ. ಧಾನ್ಯಕ್ಕೆ ಒಂದು ನೋಟ್‌ಬುಕ್ ಇಡಿ, ಯಾರು ಎಷ್ಟು ಸೇರು ಕೊಟ್ಟರು, ಎಲ್ಲಿಗೆ ಹೋಯಿತು ಎಂದು. ಮಾರಿದರೆ ಮಾರಿದ ಚೀಟಿ ಅದರಲ್ಲೇ ಅಂಟಿಸಿ. ಎಲ್ಲ ಮುಗಿದ ಮೇಲೆ ಹಳ್ಳಿಯಿಂದ ಎಷ್ಟು ಬಂತು ಎಂಬ ಪಟ್ಟಿಯನ್ನು ಪಾಠ ನಡೆಯುವ ಜಾಗದಲ್ಲೇ ಗೋಡೆಗೆ ಹಾಕಿ. ರಸೀದಿ ಪುಸ್ತಕದಲ್ಲಿ ಉಳಿಯುವ ಪ್ರತಿಗಳನ್ನು (ಕೌಂಟರ್‌ಫಾಯಿಲ್) ಬಿಸಾಡಬೇಡಿ, ಆಡಿಟ್‌ಗೆ ನಿಮ್ಮ ಸಿಎ ಮೊದಲು ಕೇಳುವುದೇ ಅದನ್ನು.